ತೆರೆಪೈ ಕಲ್ಲು

೯ ಜೂನ್ ೨೦೨೨, ಗುರುವಾರ

ಕೆಸುವಿನ ಗದ್ದೆಗೆ ನೀರು ತಿರುಗಿಸಿ ಬಂದೆ. ಬದುವಿನಲ್ಲಿ ಮತ್ತೆ ಏಡಿ ಬಿಲ. ತುಳಿದು ಮುಚ್ಚಿದೆ. ಹತ್ತಕ್ಕೆ ವಿಮಾನ, ಒಂಬತ್ತಕ್ಕೇ ಹೋಗಿ ನಿಂತೆ. ಒಗೆದ ಅಂಗಿ, ಹೆಗಲಿಗೆ ಗೋಣಿ, ಕೈಯಲ್ಲಿ ಸುತ್ತಿಗೆ. ಮೂವತ್ತೊಂದು ವರ್ಷದಿಂದ ಹೀಗೇ ನಿಂತಿದ್ದೇನೆ. ಕ್ಯಾನ್‌ಬೆರಾದ ಕಲ್ಲಿನ ಡಾಕ್ಟರು ಪಿಪ್ಪಾ ಇಳಿಯುತ್ತಾಳೆ, ಮೊದಲು ನನ್ನ ಕೈ ಹಿಡಿಯುತ್ತಾಳೆ, ಪೆಟ್ಟಿಗೆ ನನ್ನ ಮನೆಗೆ ಬರುತ್ತದೆ. ನಮ್ಮ ಮಾಂಗಾಯಾ ದ್ವೀಪದಲ್ಲಿ ಇದು ಎಲ್ಲರಿಗೂ ಗೊತ್ತು.

ಇಳಿದಳು. ಕೊರೋನಾ ಆದಮೇಲೆ ಮೊದಲ ಸಲ. ತಲೆ ಪೂರ್ತಿ ಬೆಳ್ಳಗಾಗಿದೆ. ಬಲ ಮಂಡಿಗೆ ಪಟ್ಟಿ, ಕೈಯಲ್ಲಿ ಕೋಲು. ನನ್ನ ಕೈ ಹಿಡಿದಳು—ಸರಿ. ಅಷ್ಟರಲ್ಲಿ ತೆರೆಪೈ ಟ್ರಕ್ಕು ತಂದು ನಿಲ್ಲಿಸಿದ. ಅವಳ ಕೊರಳಿಗೆ ಹೂವಿನ ಹಾರ ಹಾಕಿದ. ನಾನು ಹಾರ ತಂದಿರಲಿಲ್ಲ. ಯಾವತ್ತೂ ತಂದಿಲ್ಲ. ಕಲ್ಲು ಒಡೆಯಲು ಬರುವವಳಿಗೆ ಹೂವು ಯಾಕೆ?

“ತುವಾರಣ್ಣ, ಇವರು ಈ ಸಲ ನಮ್ಮನೇಲಿ ಇರ್ತಾರೆ. ಬಿಸಿನೀರಿದೆ, ಇಂಟರ್ನೆಟ್ ಇದೆ. ನಿಮ್ಮನೇಲಿ ಏನಿದೆ? ನೀನಿದ್ದೀಯ.”

ನಿಂತಿದ್ದವರೆಲ್ಲ ನಕ್ಕರು. ಪಿಪ್ಪಾ ಕೂಡ.

ತೆರೆಪೈ ನನ್ನ ಚಿಕ್ಕಮ್ಮನ ಮಗ. ನನಗಿಂತ ನಾಲ್ಕು ವರ್ಷ ಚಿಕ್ಕವನು. ಆಕ್ಲೆಂಡಿನ ಗೋದಾಮಿನಲ್ಲಿ ಮೂವತ್ತು ವರ್ಷ ಗಾಡಿ ಓಡಿಸಿ, ಪಿಂಚಣಿ ಹಿಡಿದು, ಮೊನ್ನೆ ಮೊನ್ನೆ ಊರಿಗೆ ಬಂದವನು. ಈ ದ್ವೀಪದಲ್ಲಿ ಯಾವ ಕಲ್ಲು ಎಲ್ಲಿದೆ ಅಂತ ಕೇಳಿದರೆ ರಸ್ತೆಯ ಜಲ್ಲಿ ತೋರಿಸಿಯಾನು.

ನಡೆದುಕೊಂಡೇ ಮನೆಗೆ ಬಂದೆ. ಟ್ರಕ್ಕಿನಲ್ಲಿ ಜಾಗ ಇತ್ತು. ಹತ್ತಲಿಲ್ಲ.

೧೦ ಜೂನ್, ಶುಕ್ರವಾರ

ಪಿಪ್ಪಾ ಹೇಳಿ ಕಳಿಸಿದಳು. ಹೋದೆ. ಕುರಾ ಮನೆಯಲ್ಲಿಲ್ಲ. ಕಣ್ಣಿನ ಆಪರೇಷನ್ನಿಗೆ ಆಕ್ಲೆಂಡಿಗೆ ಹೋಗಿದ್ದಾಳೆ, ಮೊಮ್ಮಗಳ ಹೆರಿಗೆ, ಬಾಣಂತನ ಎಲ್ಲ ಮುಗಿಸಿಕೊಂಡೇ ಬರುವುದಂತೆ. ಕುರಾ ಅಂದರೆ ತೆರೆಪೈ ಹೆಂಡತಿ. ಸದ್ಯಕ್ಕೆ ಇಷ್ಟು ಬರೆದರೆ ಸಾಕು.

ಪಿಪ್ಪಾಗೆ ಇದು ಕೊನೆಯ ಪ್ರಯಾಣ. ಬರುವ ವರ್ಷ ನಿವೃತ್ತಿ. ಒಂದೇ ಒಂದು ಒಳ್ಳೆ ಕಲ್ಲು ಬೇಕು ಅಂತಾಳೆ. ನಮ್ಮ ದ್ವೀಪ ಎರಡು ಕೋಟಿ ವರ್ಷದ ಮುದುಕ. ಮಳೆಗೆ ನೆನೆದು ನೆನೆದು ಕಲ್ಲೆಲ್ಲ ಕೆಂಪು ಮಣ್ಣು. ಕೈಯಲ್ಲಿ ಹಿಂಡಿದರೆ ಉದುರುತ್ತದೆ. ಒಳಗಿನ ಹಸಿರು ಹರಳು ಕೆಡದೆ ಉಳಿದಿರುವ ಕಲ್ಲು ಇಡೀ ದ್ವೀಪದಲ್ಲಿ ನಾನು ಹುಡುಕಿಕೊಟ್ಟದ್ದು ನಾಲ್ಕು. ಮೂವತ್ತೊಂದು ವರ್ಷಕ್ಕೆ ನಾಲ್ಕು. ಆ ನಾಲ್ಕರ ಮೇಲೆ ಎಷ್ಟು ಪುಸ್ತಕ ಬರೆದಿದ್ದಾರೋ.

“ಐದನೇದು ಸಿಗುತ್ತಾ ತುವಾರಾ?” ಅಂದಳು.

“ಸಿಕ್ಕರೆ ನನಗೇ ಸಿಗಬೇಕು,” ಅಂದೆ.

ತೆರೆಪೈ ಒಳಗಿಂದ ಚಹಾ ತಂದ. “ನಾನೂ ಬರ್ತೀನಿ ನಾಳೆ. ಮೂರು ತಲೆ ಆರು ಕಣ್ಣು.”

ನನ್ನ ಎರಡು ಸಾಲದಾಯಿತೇ?

೧೧ ಜೂನ್, ಶನಿವಾರ

ಬಂದ. ಹೊಸ ಗಂಬೂಟು. ತೊರೆಯ ದಂಡೆಯಲ್ಲಿ ಊಟಕ್ಕೆ ಕೂತಾಗ ಪಿಪ್ಪಾಳನ್ನು ಕೇಳಿದ—ಕಲ್ಲು ಒಯ್ದು ಏನು ಮಾಡ್ತೀರಿ? ಅವಳು ಕೋಲು ಬದಿಗಿಟ್ಟು ಹೇಳತೊಡಗಿದಳು. ತೊಂಬತ್ತೊಂದರಲ್ಲಿ ನನಗೆ ಹೇಳಿದಳಲ್ಲ, ಅದೇ ಮಾತು. ಅದೇ ಉತ್ಸಾಹ. ಮರದ ಕಡ್ಡಿಯಿಂದ ಮರಳಿನಲ್ಲಿ ಅದೇ ಚಿತ್ರ.

ಸೀಸ ಅಂದರೆ ಒಂದೇ ಸೀಸವಲ್ಲ. ಹಗುರದ್ದು, ಭಾರದ್ದು ಅಂತ ಭೇದ ಇದೆ. ಅದಕ್ಕೆ ಐಸೋಟೋಪ್ ಅನ್ನುತ್ತಾರೆ. ಯುರೇನಿಯಂ ಕೋಟಿಗಟ್ಟಲೆ ವರ್ಷ ಕೂತು ಕೂತು ಸೀಸವಾಗುತ್ತದೆ. ಹಾಗೆ ಆದ ಸೀಸದ ತೂಕವೇ ಬೇರೆ. ನಮ್ಮ ಕಲ್ಲಿನಲ್ಲಿ ಅಂಥದು ಬಹಳ. ಅಂದರೆ ಈ ಲಾವಾ ಹುಟ್ಟಿದ ಜಾಗ ಬಹಳ ಹಳೆಯದು. ಯಾವುದೋ ಕಾಲದ ಸಮುದ್ರದ ತಳ ಭೂಮಿಯ ಒಡಲಿಗೆ ಮುಳುಗಿ, ಅಲ್ಲಿ ಇನ್ನೂರು ಕೋಟಿ ವರ್ಷ ಬಿದ್ದಿದ್ದು, ಕಾದು, ಕರಗಿ, ತಿರುಗಿ ಮೇಲೆ ಬಂದು ನಾವಾದೆವು. ಇದು ಅರ್ಥವಾಗಲು ನನಗೆ ಮೂರು ದಿನ ಹಿಡಿದಿತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೂರು ದಿನ ಮನಸ್ಸಿನಲ್ಲಿ ಅರೆದು, ನಾಲ್ಕನೇ ದಿನ ಅವಳಿಗೆ ಒಪ್ಪಿಸಿದಾಗ ಅವಳು ತಲೆದೂಗಿದ್ದಳು. ಅಷ್ಟೇ. ತಲೆದೂಗಿದ್ದಳು.

ತೆರೆಪೈ ಕೆಸುವಿನ ಗಡ್ಡೆ ಅಗಿಯುತ್ತ ಅಂದ: “ಅಂದ್ರೆ ಭೂಮಿತಾಯಿ ಸಮುದ್ರ ತಿಂದು ತೇಗಿದ್ದೇ ನಮ್ಮ ದ್ವೀಪ ಅನ್ನಿ!”

ಪಿಪ್ಪಾ ಹೊಟ್ಟೆ ಹಿಡಿದು ನಕ್ಕಳು. “ಮೂವತ್ತು ವರ್ಷ ಪಾಠ ಮಾಡಿದೀನಿ, ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ,” ಅಂತ ಪುಸ್ತಕ ತೆಗೆದು ಬರೆದುಕೊಂಡಳು.

ಬರೆದುಕೊಂಡಳು! ಅವನ ತೇಗನ್ನು!

೧೨ ಜೂನ್, ಭಾನುವಾರ

ಇಗರ್ಜಿಯಲ್ಲಿ ಪಾದ್ರಿ ಪಿಪ್ಪಾಳನ್ನು ಸ್ವಾಗತಿಸಿದರು. “ಮತ್ತು ಅವರಿಗೆ ಆಸರೆ ಕೊಟ್ಟ ನಮ್ಮ ತೆರೆಪೈ...” ತೆರೆಪೈ ಎದ್ದು ನಿಂತು ಕೈ ಮುಗಿದ. ಹಾಡುವಾಗ ಅವನ ಗಂಟಲು ಮುಚ್ಚುವಷ್ಟು ಜೋರಾಗಿ ಹಾಡಿದೆ. ಮಗಳು ತಿಯಾರೆ ತಿವಿದಳು. “ಅಪ್ಪಾ, ದೇವರಿಗೆ ಕಿವಿ ಕೇಳುತ್ತೆ.”

೧೪ ಜೂನ್, ಮಂಗಳವಾರ

ಇದನ್ನು ಬರೆಯಲೇಬೇಕು. ಬರೆಯದೆ ಇರೋಣ ಅಂತ ಚಹಾ ಕುಡಿದೆ, ಹಂದಿಗೆ ಹಾಕಿದೆ, ಮತ್ತೆ ಬಂದು ಕೂತೆ.

ನಿನ್ನೆ ಇವತ್ತು ನಾನು ಕರೆದುಕೊಂಡು ಹೋದ ಕಡೆಯೆಲ್ಲ ಕೊಳೆತ ಕಲ್ಲು. ಎರಡನೇ ಒಳ್ಳೆ ಕಲ್ಲು ಸಿಕ್ಕಿದ್ದ ತೊರೆ ಮಣ್ಣು ತುಂಬಿ ಗದ್ದೆಯಾಗಿದೆ. ಪಿಪ್ಪಾ ಒಂದೊಂದನ್ನೂ ಬೆರಳಲ್ಲಿ ಹಿಂಡಿ ಕೆಳಗೆ ಬಿಟ್ಟಳು. ಅದೇ ಚುಚ್ಚಿತು. ಮಧ್ಯಾಹ್ನ ಮೂರಕ್ಕೆ ತೆರೆಪೈ ಓಡಿ ಬಂದ, ಮೈಯೆಲ್ಲ ಕೆಸರು.

“ಬನ್ನಿ ಬನ್ನಿ, ನಮ್ಮ ಹಳೇ ಮನೆ ಹಿಂದೆ! ಅಣ್ಣಾ, ಸುತ್ತಿಗೆ ಕೊಡು!”

ಕೈಯಿಂದ ಕಿತ್ತುಕೊಂಡೇ ಹೋದ. ಅವನ ಹಳೆಯ ಮನೆ ಚಂಡಮಾರುತಕ್ಕೆ ಬಿದ್ದು ಹದಿನೇಳು ವರ್ಷ. ಗುಡ್ಡದ ತೊರೆ ದಿಕ್ಕು ಬದಲಿಸಿ ಈಗ ಅಂಗಳದ ಮೇಲೇ ಹರಿಯುತ್ತದೆ. ಆ ನೀರಿನಲ್ಲಿ ಒಂದು ಕಲ್ಲು, ಎಳೆಮಗುವಿನ ತಲೆಯಷ್ಟು. ಹೊರಗೆ ಕೆಂಪು ಸಿಪ್ಪೆ. ನನ್ನ ಸುತ್ತಿಗೆಯಿಂದ ಎರಡು ಹೋಳು ಮಾಡಿದ. ಒಳಗೆ ಕರ್ರಗೆ, ನಿನ್ನೆ ಹುಟ್ಟಿದ ಹಾಗೆ. ಹೆಸರುಕಾಳಿನಷ್ಟು ದಪ್ಪ ಹಸಿರು ಹರಳು, ಒಂದಲ್ಲ, ನೂರು.

ಪಿಪ್ಪಾ ನೀರಿನಲ್ಲೇ ಕೂತುಬಿಟ್ಟಳು. “ಅಯ್ಯೋ ದೇವರೇ. ತೆರೆಪೈ! ಅಯ್ಯೋ ದೇವರೇ.”

ನಾನು ಕಲ್ಲು ನೋಡಿದೆ. ಸಿಪ್ಪೆ ನೋಡಿದೆ. ಅವಳು ಅದನ್ನು ಗಾಳಿ ಮಳೆಯ ಕೆಂಪು ಅಂದುಕೊಂಡಳು. ಅದು ಬೆಂಕಿಯ ಕೆಂಪು.

ಎಪ್ಪತ್ತೊಂಬತ್ತನೇ ಇಸವಿ. ಕುರಾ ಮದುವೆಯಾಗಿ ರಾರೊಟೊಂಗಾ ದ್ವೀಪದಿಂದ ಹಡಗಿನಲ್ಲಿ ಬಂದಳು. ಇಲ್ಲಿನ ಕಲ್ಲು ಉಮು ಕುಳಿಯಲ್ಲಿ, ಅಂದರೆ ನೆಲ ಅಗೆದು ಮಾಡಿದ ಒಲೆಯಲ್ಲಿ, ಕೆಂಡದ ಮೇಲಿಟ್ಟರೆ ನಾಲ್ಕು ಅಡುಗೆಗೆ ಸಿಡಿದು ಹೋಗುತ್ತದೆ ಅಂತ ಅವಳ ತಾಯಿ ತಮ್ಮ ಮನೆಯ ಕುಳಿಯಿಂದಲೇ ಆರು ಕಲ್ಲು ಎತ್ತಿ ಗೋಣಿಗೆ ಹಾಕಿ ಮಗಳ ಜೊತೆ ಕಳಿಸಿದ್ದಳು. ಹಡಗು ದಡಕ್ಕೆ ಬರುವುದಿಲ್ಲ. ದೋಣಿಯಲ್ಲಿ ಹವಳದ ದಿಬ್ಬ ದಾಟಿಸಿದವನು ನಾನು. ಗೋಣಿ ಹೊತ್ತು ಇದೇ ಮನೆಯ ಹಿಂದಿನ ಕುಳಿಯ ತನಕ ತಂದವನೂ ನಾನು. ಮದುಮಗ ಬಂದವರಿಗೆಲ್ಲ ಕೈ ಕುಲುಕುತ್ತಿದ್ದ. “ಹುಷಾರು ತುವಾರಾ, ನಮ್ಮವ್ವನ ಒಲೆ ಅದು,” ಅಂದಿದ್ದಳು ಕುರಾ. ಅದಕ್ಕೂ ಎರಡು ವರ್ಷ ಮೊದಲು ನಮ್ಮೂರ ಕುಣಿತದ ತಂಡದ ಜೊತೆ ರಾರೊಟೊಂಗಾಕ್ಕೆ ಹೋಗಿ ಅವಳನ್ನು ಮೊದಲು ನೋಡಿದವನು ನಾನು. ಬಂದು ಮನೆ ಕಟ್ಟಲು ಶುರು ಮಾಡಿದ್ದೆ. ಸೂರು ಹಾಕುವಷ್ಟರಲ್ಲಿ ತೆರೆಪೈ ಹೋಗಿ ಮಾತು ಮುಗಿಸಿಕೊಂಡು ಬಂದಿದ್ದ.

ಸತ್ತ ನನ್ನ ಹೆಂಡತಿಗೂ ಇದು ಗೊತ್ತಿತ್ತು. ಒಂದು ದಿನವೂ ಎತ್ತಿ ಆಡಲಿಲ್ಲ ಪುಣ್ಯಾತ್ಗಿತ್ತಿ.

ಪಿಪ್ಪಾ ಸ್ವಲ್ಪ ಹೊತ್ತಿಗೆ ತಣ್ಣಗಾದಳು. “ಆದ್ರೆ ಇದು ಉರುಳುಗಲ್ಲು. ನೆಲಕ್ಕೆ ಅಂಟಿಲ್ಲ.” ಇದು ಅವರ ಕಸುಬಿನ ಮೊದಲ ಪಾಠ. ಬಿದ್ದ ಕಲ್ಲನ್ನು ನಂಬಬೇಡ, ಬೇರಿರುವ ಕಲ್ಲನ್ನು ನಂಬು.

“ಮೇಲಿಂದ ಉರುಳಿದೆ. ಇನ್ನೆಲ್ಲಿಂದ, ಆಕಾಶದಿಂದಾ?” ಅಂದ ತೆರೆಪೈ. ಸುಳ್ಳಲ್ಲ ಅವನದು. ಉಮು ಕುಳಿ ಹೆಂಗಸರ ಪಾಲಿಗೆ ಬಿಟ್ಟು ಊಟಕ್ಕೆ ಮಾತ್ರ ಬಂದವನು. ಕಲ್ಲಿನ ಮುಖ ಅವನಿಗೆ ಹೇಗೆ ಗೊತ್ತಾಗಬೇಕು?

ಗುಡ್ಡ ಕಡಿದು. ಅವಳಿಗೆ ಮಂಡಿ, ಅವನಿಗೆ ಬಿ.ಪಿ. ಪಿಪ್ಪಾ ನನ್ನ ಕಡೆ ತಿರುಗಿದಳು. “ತುವಾರಾ, ನೀವು ಹತ್ತಿ ನೋಡಿ ಬನ್ನಿ. ನೆಲ ಸೀಳಿ ಎದ್ದ ಕರಿಗಲ್ಲಿನ ಪಟ್ಟಿ ಇದ್ರೆ ನಿಮ್ಮ ಕಣ್ಣಿಗೆ ತಪ್ಪಲ್ಲ. ನೀವು ಇದೆ ಅಂದ್ರೆ ಇದೆ, ಇಲ್ಲ ಅಂದ್ರೆ ಇಲ್ಲ.”

ಹತ್ತಿದೆ. ಕೆಂಪು ಮಣ್ಣು, ಜರೀಗಿಡ, ಅಷ್ಟೇ. ಒಂದು ಬೆಣಚು ಕೂಡ ಇಲ್ಲ. ಕೂತು ಬೀಡಿ ಸುತ್ತಿದೆ. ಕೆಳಗೆ ಕಾಣುತ್ತಿತ್ತು—ಅವನ ಬಿಳಿ ಟೋಪಿ, ಅವಳ ಬಿಳಿ ತಲೆ, ಎರಡೂ ಒಂದೇ ಕಲ್ಲಿನ ಮೇಲೆ ಬಾಗಿವೆ. ಅವಳ ನಗು ಇಲ್ಲಿವರೆಗೆ ಬಂತು. ಆಗ ಹೊಳೆಯಿತು. ಒಯ್ಯಲಿ. ಕುಟ್ಟಿ ಪುಡಿ ಮಾಡಿ ಅಳೆಯಲಿ. ಸೀಸ ಬಾಯಿ ಬಿಡುತ್ತದೆ—ಇದು ರಾರೊಟೊಂಗಾದ್ದು ಅಂತ. ಆಗ ಇಡೀ ಊರಿನ ಮುಂದೆ ಇವನ ಮುಖ ನೋಡಬೇಕು. ಹೆಂಡತಿಯ ಒಲೆಗಲ್ಲನ್ನು ಡಾಕ್ಟರಿಗೆ ಕೊಟ್ಟ ಭೂಪ!

ಇಳಿದೆ.

“ಇದೆ,” ಅಂದೆ. “ಎರಡು ಮೊಳ ಅಗಲ. ಇದೇ ಕಲ್ಲು.”

“ತುಂಡು ತರಲಿಲ್ವಾ?”

“ಸುತ್ತಿಗೆ ನಿಮ್ಮ ತೆರೆಪೈ ಕೈಲಿತ್ತಲ್ಲ.”

ನಂಬಿದಳು. ತಕ್ಷಣ ನಂಬಿದಳು. ಅದು ಇನ್ನೂ ಕಿವಿಯಲ್ಲಿದೆ.

೧೬ ಜೂನ್, ಗುರುವಾರ

ನಿನ್ನೆ ಇಡೀ ದಿನ ಮಳೆ, ಪಟ್ಟಿಯ ತುಂಡು ತರಲು ಯಾರೂ ಗುಡ್ಡ ಹತ್ತಲಿಲ್ಲ. ನನಗೆ ಅನುಕೂಲವೇ ಆಯಿತು. ಇವತ್ತು ವಿಮಾನ. ಹೋಳು ಒಂದನ್ನು ಒಯ್ದಳು, ಒಂದನ್ನು ಅವನಿಗೆ ಬಿಟ್ಟಳು. ಚೀಲದ ಮೇಲೆ ಬರೆದಳು—ಟಿ.ಪಿ. ೧. “ಟಿ.ಪಿ. ಅಂದ್ರೆ?” ಅಂದೆ. “ತೆರೆಪೈ!” ಅಂದಳು.

ನಾನು ಕೊಟ್ಟ ನಾಲ್ಕಕ್ಕೂ ಅಂಕಿ ಮಾತ್ರ.

೧೮ ನವೆಂಬರ್ ೨೦೨೨, ಶುಕ್ರವಾರ

ಐದು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ, ಕಾಯುತ್ತಿದ್ದೆ, ಅಷ್ಟೇ. ಇವತ್ತು ಬೆಳಿಗ್ಗೆ ತೆರೆಪೈ ಮನೆಯಲ್ಲಿ ವಿಡಿಯೊ ಕಾಲ್. ನನ್ನನ್ನೂ ಕರೆದಿದ್ದರು. ನೆರೆಮನೆಯವರೂ ತುಂಬಿದ್ದರು. ಒಳ್ಳೆಯದೇ ಆಯಿತು ಅಂತ ಮುಂದೆ ಹೋಗಿ ಕೂತೆ.

ಪಿಪ್ಪಾ ಪರದೆಯಲ್ಲಿ ಬಂದಳು. “ನಾಲ್ಕು ಸಲ ಅಳೆದೆ. ಈ ಸೀಸ ನಿಮ್ಮ ದ್ವೀಪದ ಸೀಸ ಅಲ್ಲ.”

ತೆರೆಪೈ ಮುಖ ಇಳಿಯಿತು. ಕಂಡೆ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಆ ಒಂದು ಗಳಿಗೆ ನನ್ನದು.

“ರಾರೊಟೊಂಗಾದ ಕಲ್ಲಿನ ಹಾಗಿದೆ,” ಅಂದಳು. “ಸೀಸ ಮಾತ್ರ ಅಲ್ಲ, ಸ್ಟ್ರಾನ್ಷಿಯಂ, ನಿಯೋಡಿಮಿಯಂ, ಎಲ್ಲ. ಅಂದ್ರೆ ನಿಮ್ಮ ದ್ವೀಪದ ಅಡಿ ಎರಡನೇ ಬೇರಿದೆ. ರಾರೊಟೊಂಗಾಕ್ಕೂ ನಿಮಗೂ ಒಡಲು ಒಂದೇ ಕಡೆ ಸೇರಿದೆ. ಇಷ್ಟು ದಿನ ಯಾರೂ ಕಂಡಿರದ್ದು! ತೆರೆಪೈ, ನಿಮ್ಮ ಕಲ್ಲು ನಮ್ಮ ನಕ್ಷೇನೇ ಬದಲಾಯಿಸಿತು!”

ಮನೆ ಕೂಗಿತು. ಯಾರೋ ಡೋಲು ಬಡಿದರು. ತೆರೆಪೈ ಎದ್ದು ಸೊಂಟ ಕುಣಿಸಿದ, ಅರವತ್ತೆಂಟರ ಕತ್ತೆ. ಗದ್ದಲದ ನಡುವೆ ಪಿಪ್ಪಾ ನನ್ನ ಹೆಸರು ಕರೆದಳು.

“ತುವಾರಾ, ಆ ಪಟ್ಟಿ ನೋಡಿದವರು ನೀವಲ್ಲದೆ ಬೇರೆ ಯಾರಾದ್ರೂ ಆಗಿದ್ರೆ ನಾನಿದನ್ನ ನಂಬ್ತಿರಲಿಲ್ಲ.”

“ಹ್ಞೂಂ,” ಅಂದೆ.

ಸೀಸ ನಿಜವನ್ನೇ ಹೇಳಿತು. ನನ್ನ ಮಾತು ಅದರ ಬಾಯಿ ಮುಚ್ಚಿತು.

೨೭ ನವೆಂಬರ್, ಭಾನುವಾರ

ಉಳಿದ ಹೋಳನ್ನು ಕಸೂತಿ ಬಟ್ಟೆಯ ಮೇಲೆ, ಕುಟುಂಬದ ಫೋಟೊಗಳ ನಡುವೆ ಇಟ್ಟಿದ್ದಾನೆ. ಇಗರ್ಜಿ ಮುಗಿಸಿ ಜನ ಸಾಲಾಗಿ ಹೋಗಿ ಮುಟ್ಟುತ್ತಾರೆ. ‘ತೆರೆಪೈ ಕಲ್ಲು’ ಅಂತಲೇ ಹೆಸರು. ಪಾದ್ರಿ ಪ್ರಾರ್ಥನೆಯಲ್ಲೂ ಸೇರಿಸಿದರು. ಬಿಟ್ಟು ಹೋದವನು ತಿರುಗಿ ಬಂದರೆ ದೇವರು ಅವನಿಗಾಗಿ ನಿಧಿ ಇಟ್ಟಿರುತ್ತಾನಂತೆ. ಬಿಟ್ಟು ಹೋಗದವನಿಗೆ?

“ನೀನೂ ಮುಟ್ಟು ಅಣ್ಣ, ಒಳ್ಳೇದಾಗುತ್ತೆ.”

“ನಾನು ಮುಟ್ಟಿದೀನಿ,” ಅಂದೆ. “ನಿನಗಿಂತ ಮೊದಲು.”

ತಮಾಷೆ ಅಂದುಕೊಂಡ.

೮ ಫೆಬ್ರವರಿ ೨೦೨೩, ಬುಧವಾರ

ಕುರಾ ಬಂದಿದ್ದಾಳೆ ಅಂತ ಹೋದ ವಾರವೇ ಕೇಳಿದ್ದೆ. ಇವತ್ತು ನನ್ನ ಮನೆಗೆ ಬಂದಳು. ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನ ಸೊಪ್ಪು ಒಂದು ಪಾತ್ರೆ. ಒಳಗೆ ಬಾ ಅಂದರೆ ಬರಲಿಲ್ಲ, ಮೆಟ್ಟಿಲ ಮೇಲೆ ಕೂತಳು.

“ಹೊಸ ಕಣ್ಣು ಬಂದಮೇಲೆ ಎಲ್ಲ ಚೆನ್ನಾಗಿ ಕಾಣುತ್ತೆ ತುವಾರಾ. ನಮ್ಮವ್ವನ ಉಮು ಕಲ್ಲು ಕಸೂತಿ ಬಟ್ಟೆ ಮೇಲೆ ಕೂತಿರೋದೂ ಕಾಣ್ತು.”

ನಾನು ಪಾತ್ರೆಯ ಮುಚ್ಚಳ ತೆಗೆದೆ, ಹಾಕಿದೆ.

“ನೀನೇ ಹೊತ್ತು ತಂದವನು.”

“ನಲವತ್ತು ವರ್ಷದ ಹಿಂದಿನ ಗೋಣಿ ಯಾರು ನೆನಪಿಟ್ಕೋತಾರೆ?”

“ನೀನು ಇಟ್ಕೋತೀಯ.”

ಇವಳ ಎದುರು ನನ್ನ ಬಾಯಿ ಯಾವತ್ತೂ ಓಡಿಲ್ಲ.

“ಅವನಿಗೆ ಹೇಳಿದ್ಯಾ?” ಅಂದೆ.

“ಇಲ್ಲ. ಹೇಳಲ್ಲ. ನೀನೂ ಹೇಳಬೇಡ.” ಸೆರಗಿನಂತೆ ಹೊದ್ದ ಬಟ್ಟೆಯ ಅಂಚು ಹಿಡಿದು ಮಡಚತೊಡಗಿದಳು. “ಆಕ್ಲೆಂಡಲ್ಲಿ ಅವನ ಹೆಸರು ಒಬ್ಬರೂ ನೆಟ್ಟಗೆ ಕರೀಲಿಲ್ಲ. ಟೆರಿ ಬಾ, ಟೆರಿ ಹೋಗು. ಈಗ ಬೆಳಿಗ್ಗೆ ಎದ್ದು ಹಾಡ್ಕೋತಾನೆ. ಪಾಪ, ಒಂದು ಕಲ್ಲು ತಾನೇ. ಯಾರಿಗೇನು ನಷ್ಟ?”

ಗುಡ್ಡದ ಮೇಲೆ ನಾನು ಏನು ಕಂಡೆ, ಕೆಳಗೆ ಬಂದು ಏನು ಹೇಳಿದೆ—ಅದು ಅವಳಿಗೆ ಗೊತ್ತಿಲ್ಲ. ಅವಳ ಗಂಡನ ಮುಖ ನೋಡಿ ಸುಮ್ಮನಿದ್ದೇನೆ ಅಂದುಕೊಂಡಿರಬೇಕು. ನನ್ನನ್ನು ಒಳ್ಳೆಯವನು ಅಂದುಕೊಂಡು ಎದ್ದು ಹೋದಳು.

ನಲವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಮೆಟ್ಟಿಲು ಹತ್ತಿದ್ದು. ಅದೂ ಅವನಿಗಾಗಿ.

ಸೊಪ್ಪನ್ನು ಹಂದಿಗೆ ಹಾಕಲು ಹೋದೆ. ಹಾಕಲಾಗಲಿಲ್ಲ. ತಿಂದೆ.

೨೨ ಮೇ ೨೦೨೩, ಸೋಮವಾರ

ಪಿಪ್ಪಾಳ ಸಂದೇಶ. ಉದ್ದ, ಇಂಗ್ಲಿಷಿನಲ್ಲಿ. ತಿಯಾರೆ ಕೌನ್ಸಿಲ್ ಆಫೀಸಿನಿಂದ ಬಂದು ಓದಿ ಹೇಳಿದಳು.

ಇನ್ನೊಂದು ಊರಿನ ವಿಜ್ಞಾನಿ ಅವಳಿಂದ ಚೂರು ಪಡೆದು ವಯಸ್ಸು ಅಳೆದನಂತೆ. ಇಪ್ಪತ್ತು ಲಕ್ಷ ವರ್ಷ. ಎರಡು ಕೋಟಿ ವರ್ಷದ ಮುದುಕನ ಮನೆಯಲ್ಲಿ ನಿನ್ನೆ ಹುಟ್ಟಿದ ಕೂಸು! ಸಭೆಯಲ್ಲಿ ಎಲ್ಲರ ಮುಂದೆ ಎದ್ದು ಕೇಳಿದನಂತೆ—ಕಲ್ಲಿನ ಬೇರೆಲ್ಲಿ, ನೋಡಿದವರು ಯಾರು? ತುವಾರಾ ನೋಡಿದ್ದಾರೆ, ಅಂದಳಂತೆ. ಅವನು ಯಾರು, ಏನು ಓದಿದ್ದಾನೆ? ಅಂದನಂತೆ.

“ಕೇಳಪ್ಪಾ,” ತಿಯಾರೆ ಕುರ್ಚಿ ಎಳೆದುಕೊಂಡು ಕೂತಳು. “‘ಆ ದ್ವೀಪದ ಬಗ್ಗೆ ನೀವು ಓದಿ ಪಾಸಾದ ಪ್ರತಿ ಕಲ್ಲನ್ನೂ ತೋರಿಸಿದವರು ಅವರು ಅಂದೆ’ ಅಂತ ಬರೆದಿದಾಳೆ. ನಿನ್ನ ಪರವಾಗಿ ಜಗಳ ಆಡಿದಾಳೆ ನೋಡು! ಈಗಲಾದ್ರೂ ಹಲ್ಲು ಬಿಡು.”

ಬಿಡಲಿಲ್ಲ. ಮುಂದೆ ಓದು ಅಂದೆ.

ಪಟ್ಟಿಯಿಂದಲೇ ಒಡೆದ ತುಂಡು ಬೇಕಂತೆ. ಜುಲೈನಲ್ಲಿ ಬರುತ್ತಾಳೆ. ಅದು ಸಿಗದಿದ್ದರೆ ಬರೆದದ್ದನ್ನೆಲ್ಲ ಹಿಂದೆ ತೆಗೆದುಕೊಳ್ಳಬೇಕು. ನಿವೃತ್ತಿಯ ಬಾಗಿಲಲ್ಲಿ ನಗೆಪಾಟಲು. ಅಷ್ಟೇ ಅಲ್ಲ. ನನ್ನ ಮಾತಿನ ಮೇಲೆ ನಿಂತ ಹಳೆಯ ನಾಲ್ಕು ಕಲ್ಲುಗಳ ಮೇಲೂ ಅನುಮಾನ ಬೀಳುತ್ತದೆ. ಅವು ನಿಜದ ಕಲ್ಲು. ನೆಲಕ್ಕೆ ಅಂಟಿದ್ದವು. ದೇವರಾಣೆ.

ತೆರೆಪೈ ಮೇಲೆ ಬೀಳಲಿ ಅಂತ ತಳ್ಳಿದ ಬಂಡೆ. ಹೋಗಿ ಹೋಗಿ ಎಲ್ಲಿ ಬಿತ್ತು.

೪ ಜುಲೈ ೨೦೨೩, ಮಂಗಳವಾರ

ಹೇಳಿದೆ. ಪಿಪ್ಪಾಗಲ್ಲ, ತೆರೆಪೈಗೆ. ಅವಳು ಬರುವ ಮೊದಲು ಅವನಿಗೆ ಗೊತ್ತಿರಲಿ ಅಂತ. ಟ್ರಕ್ಕು ತೊಳೆಯುತ್ತಿದ್ದ. ಕುರಾ ಕಟ್ಟೆಯ ಮೇಲೆ ಕೆಸುವಿನ ಗಡ್ಡೆ ಹೆರೆಯುತ್ತಿದ್ದಳು.

“ಆ ಕಲ್ಲು ಇಲ್ಲಿದಲ್ಲ. ನಿನ್ನ ಅತ್ತೆಮನೆ ಉಮು ಕಲ್ಲು. ಗುಡ್ಡದ ಮೇಲೆ ಪಟ್ಟಿ ಇಲ್ಲ. ನಾನು ಸುಳ್ಳು ಹೇಳಿದೆ.”

ನಲ್ಲಿ ನಿಲ್ಲಿಸಿದ. ನನ್ನನ್ನೇ ನೋಡಿದ. ಆಮೇಲೆ ನಕ್ಕ. ಸಿಟ್ಟಿನ ನಗುವಲ್ಲ, ಕನಿಕರದ್ದು.

“ಅಣ್ಣ, ಒಂದು ವರ್ಷದಿಂದ ನೋಡ್ತಿದೀನಿ. ಊರೆಲ್ಲ ನೋಡ್ತಿದೆ. ಕಲ್ಲಿನ ಹೆಸರು ಎತ್ತಿದ್ರೆ ಸಾಕು, ನಿನ್ನ ಮೋರೆ ಹುಣಸೆಹಣ್ಣು ತಿಂದಂಗಾಗುತ್ತೆ. ಹೊಟ್ಟೆಕಿಚ್ಚು ಸಹಜ. ಆದ್ರೆ ನನ್ನ ಹೆಸರು ಅಳಿಸೋಕೆ ನಿನ್ನನ್ನೇ ಸುಳ್ಳ ಅಂತ ಕರ್ಕೋತೀಯಲ್ಲ, ಅಷ್ಟೊಂದಾ?”

“ನಿಜ ಹೇಳ್ತಿದೀನಿ ಕಣೋ ಮುಠ್ಠಾಳ!”

“ಹಂಗಾದ್ರೆ ಹೋದ ವರ್ಷ ಯಾಕೆ ಹೇಳಲಿಲ್ಲ?”

ಇದಕ್ಕೆ ಉತ್ತರ ಇತ್ತು. ಅವಳ ಎದುರು ಹೇಳುವಂಥದ್ದಲ್ಲ.

“ಕುರಾನ ಕೇಳು,” ಅಂದೆ.

ತೆರೆಪೈ ತಿರುಗಿದ. ಕುರಾ ತಲೆ ಎತ್ತಲಿಲ್ಲ. ಚಾಕು ಮಾತ್ರ ನಿಂತಿತು. ಈಗ ಅವಳಿಗೆ ಗುಡ್ಡದ ವಿಷಯವೂ ಗೊತ್ತಾಯಿತು. ನಾನು ಎಂಥವನು ಅನ್ನುವುದೂ.

“ಎಷ್ಟೋ ವರ್ಷ ಆಯ್ತು,” ಅಂದಳು. “ಯಾವ ಕಲ್ಲೋ ಏನೋ.”

ಚಾಕು ಮತ್ತೆ ಓಡಿತು.

ಊರಲ್ಲಿ ಸಂಜೆಯೊಳಗೆ ಸುದ್ದಿ. ಅಂಗಡಿಯಲ್ಲಿ ಬ್ರೆಡ್ಡು ಕೊಡುವಾಗ ಆ ಹೆಂಗಸು “ಪಾಪ, ವಯಸ್ಸಾಯ್ತು” ಅಂದಳು, ನನಗೆ ಕೇಳಲಿ ಅಂತಲೇ. ಸುಳ್ಳು ಹೇಳಿದಾಗ ಇಡೀ ಜಗತ್ತು ನಂಬಿತು. ಈಗ ಬ್ರೆಡ್ಡಿನವಳೂ ನಂಬುವುದಿಲ್ಲ.

೬ ಜುಲೈ, ಗುರುವಾರ

ಪಿಪ್ಪಾ ಇಳಿದಳು. ಕೋಲಿಲ್ಲ. ಮಂಡಿ ಬದಲಾಯಿಸಿಕೊಂಡಿದ್ದಾಳೆ. ತೆರೆಪೈ ಹಾರ ಹಾಕಿದ, ಟ್ರಕ್ಕಿನ ಬಾಗಿಲು ತೆಗೆದ. ಅವಳು ಅವನ ಭುಜ ತಟ್ಟಿ ನನ್ನ ಕಡೆ ಬಂದಳು.

“ಈ ಸಲ ನಿಮ್ಮನೇಲೇ ಇರ್ತೀನಿ ತುವಾರಾ. ತಣ್ಣೀರಾದ್ರೂ ಸರಿ.”

ಹೋದ ವರ್ಷ ಈ ಮಾತಿಗೆ ಪ್ರಾಣ ಕೊಡುತ್ತಿದ್ದೆ. ತೆರೆಪೈ ಮುಖ ನೋಡಿದೆ. ಚಿಕ್ಕದಾಗಿತ್ತು. ಖುಷಿ ಆಗಬೇಕಿತ್ತು ನನಗೆ. ಆಯಿತು ಕೂಡ, ಸ್ವಲ್ಪ. ಥೂ ನನ್ನ ಜನ್ಮಕ್ಕೆ.

ಊಟಕ್ಕೆ ಹಾವುಮೀನು. ಮುಳ್ಳು ಬಿಡಿಸುತ್ತ ಅವಳು ಆ ಸಭೆಯ ಕಥೆಯನ್ನೆಲ್ಲ ಹೇಳಿದಳು. ಅಪ್ಪನ ಮೇಲೆ ಆಣೆ ಇಟ್ಟ ಹುಡುಗಿಯ ಹಾಗೆ ನನ್ನ ಮೇಲೆ ಆಣೆ ಇಟ್ಟಿದ್ದಾಳೆ. ಅಂಗಡಿಯ ಸುದ್ದಿ ಇನ್ನೂ ಅವಳ ಕಿವಿಗೆ ಬಿದ್ದಿಲ್ಲ.

“ಪಿಪ್ಪಾ,” ಅಂದೆ. “ಆ ಪಟ್ಟಿ...”

“ಏನು, ಮಣ್ಣು ಜರಿದು ಮುಚ್ಚಿದೆಯಾ? ಮುಚ್ಚಿದ್ರೆ ಮುಚ್ಚಲಿ. ನೀವು ನೋಡಿದ್ರಿ ಅಂತ ಬರೆದುಕೊಟ್ರೂ ಸಾಕು, ನಾನು ಹೋರಾಡ್ತೀನಿ.”

ತಾನೇ ಬಾಗಿಲು ತೆರೆದು ಕೊಟ್ಟಳು. ಮಣ್ಣು ಜರಿದಿದೆ. ಎರಡು ಪದ. ತೆರೆಪೈ ಉಳಿಯುತ್ತಾನೆ, ಕುರಾ ನನಗೆ ಸೊಪ್ಪು ತರುತ್ತಾಳೆ, ಪಿಪ್ಪಾ ಸಾಯುವ ತನಕ ನನಗಾಗಿ ಜಗಳ ಆಡುತ್ತಾಳೆ.

“ನಾಳೆ ಹತ್ತಿ ನೋಡೋಣ,” ಅಂದೆ.

೭ ಜುಲೈ, ಶುಕ್ರವಾರ, ಬೆಳಿಗ್ಗೆ ಹನ್ನೊಂದು

ಗುಡ್ಡದ ಮೇಲೆ. ದಾರಿ ತೋರಿಸಲು ಮುಂದೆ ಹತ್ತಿದೆ. ಅವರು ಇನ್ನೂ ಅರ್ಧದಲ್ಲಿದ್ದಾರೆ.

ಜರೀಗಿಡ ಆಳೆತ್ತರ. ಮಣ್ಣು ಕೆಂಪಗೆ, ಇದ್ದ ಹಾಗೇ ಇದೆ. ಜರಿದಿಲ್ಲ. ಜರಿದಿದೆ ಅಂದರೆ ನಂಬುತ್ತಾಳೆ. ನಂಬಿ ಗುದ್ದಲಿ ತರಿಸುತ್ತಾಳೆ. ಅಗೆಯುತ್ತಾಳೆ. ಸಿಗದಿದ್ದರೆ ಇನ್ನೊಂದು ಕಡೆ ಅಗೆಯುತ್ತಾಳೆ. ಅರವತ್ತೆರಡರ ಹೆಂಗಸು, ಹೊಸ ಮಂಡಿ, ನಾನು ದಂಡೆಯಲ್ಲಿ ಕೂತು ಬೀಡಿ ಸುತ್ತುವುದು.

ಆಗುವುದಿಲ್ಲ.

ಯಾಕೆ ಸುಳ್ಳು ಹೇಳಿದೆ ಅಂತ ಕೇಳುತ್ತಾಳೆ. ಅದನ್ನೂ ಹೇಳಬೇಕು. ತೆರೆಪೈ ಜೊತೆ ನೀನು ನಕ್ಕೆ ಅಂತ. ಅವನ ತೇಗು ಬರೆದುಕೊಂಡೆ ಅಂತ. ಎಪ್ಪತ್ಮೂರರ ಮುದುಕ ಹೇಳುವ ಮಾತೇ ಇದು? ಆದರೂ ಅದೇ ನಿಜ. ಬೇರೆ ಕಾರಣ ಇಲ್ಲ.

ಪಿಪ್ಪಾ ಮುಂದೆ. ಅವಳ ಹಿಂದೆ ತೆರೆಪೈ, ಏದುತ್ತಿದ್ದಾನೆ, ಬಿ.ಪಿ. ಇದ್ದರೂ ತನ್ನ ಕಲ್ಲಿನ ಬೇರು ನೋಡಲೇಬೇಕಂತೆ. ಅವನ ಹಿಂದೆ ಇನ್ನೊಬ್ಬರು. ಹೆಂಗಸು.

ಕುರಾ.

ಈ ಗುಡ್ಡ ಅವಳು ಹತ್ತಿದ್ದೇ ಇಲ್ಲ. ಯಾಕೆ ಬರುತ್ತಿದ್ದಾಳೆ? ನಿಜ ಹೇಳಲಿಕ್ಕೋ, ನನ್ನ ಬಾಯಿ ಮುಚ್ಚಿಸಲಿಕ್ಕೋ? ತೆರೆಪೈ ನಿಂತು ಕೈ ಚಾಚಿದ. ಅವಳು ಹಿಡಿದುಕೊಂಡಳು. ಇನ್ನೂ ಬಿಟ್ಟಿಲ್ಲ. ಇಷ್ಟರಲ್ಲೂ ನನ್ನ ಕಣ್ಣು ಆ ಕೈಗಳ ಮೇಲೇ.

ಅವಳು ಬಾಯಿ ತೆರೆಯುವ ಮೊದಲು ನಾನು ತೆರೆಯಬೇಕು. ಅವಳು ಹೇಳಿ ನಾನು ಸಿಕ್ಕಿಬಿದ್ದರೆ ಅದು ಹೇಳಿದ ಹಾಗಲ್ಲ.

ಪಿಪ್ಪಾ ಬಂದಳು. ಮೈಯೆಲ್ಲ ಬೆವರು, ನಗುತ್ತಿದ್ದಾಳೆ. “ಎಲ್ಲಿ ತುವಾರಾ? ಎಲ್ಲಿ ತೋರಿಸಿ!” ಏನು ಬರೀತಿದ್ದೀರಿ ಅಂತ ಬಗ್ಗಿ ನೋಡುತ್ತಿದ್ದಾಳೆ. ಓದಲು ಬರುತ್ತದೆ ಅವಳಿಗೆ ನಮ್ಮ ಭಾಷೆ. ಓದಲಿ. ಪಿಪ್ಪಾ, ಇಲ್ಲಿ ಏನೂ—